ಊರಿಗೆ ಮರಳಿದವರ ಮನೆಗೆ ಯಾವಾಗ ಹೋಗಬೇಕು?

ಯುಗಾದಿಯ ಆಚೀಚೆಗೆ ವಿಜಯಪುರ ಜಿಲ್ಲೆಯ ನಿಡೋಣಿಯ ಸುತ್ತಿನ ಸೀಮೆಗೆ ಎರಡು ಬಗೆಯ ಜನ ಮರಳುತ್ತಾರೆ. ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಂಬಿಯ ಹಿಂದೆ ಶ್ರೀಶೈಲಕ್ಕೆ ನಡೆದು ಹೋದವರು ಒಂದು ಕಡೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ದೀಪಾವಳಿಯ ಹೊತ್ತಿಗೇ ಊರು ಬಿಟ್ಟವರು, ಗೋವಾದ ಕಡೆ ಕಟ್ಟಡ ಕೆಲಸಕ್ಕೆ ಹೋದವರು ಇನ್ನೊಂದು ಕಡೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಬಂದಿದೆ, ತಿಕೋಟಾದ ಕಡೆ ದ್ರಾಕ್ಷಿ ತೋಟಗಳಿವೆ. ಆದರೂ ಜಿಲ್ಲೆಯಿಂದ ದುಡಿಯಲು ಗುಳೆ ಹೋಗುವುದು ನಿಂತಿಲ್ಲ. ಯಾರೇ ಬರಲಿ, ಸುದ್ದಿ ಓಣಿಗೆ ಮುಟ್ಟಿದ ಸಂಜೆಯೇ ಮನೆ ತುಂಬುತ್ತದೆ. “ಯಾವಾಗ ಬಂದ್ರಿ ಕಾಕಾ? ಆರಾಮ ಅದೀರಿಲ್ರಿ? ಭಾಳ ಸೊರಗೀರಿ ನೋಡ್ರಿ.” ಹೀಗೆ ಮಾತಾಡಿಸಿ ಬರುವುದು ನಮ್ಮಲ್ಲಿ ಮರ್ಯಾದೆ. ಬಾರದೆ ಉಳಿದವರ ಹೆಸರು ವರ್ಷಗಟ್ಟಲೆ ನೆನಪಿನಲ್ಲಿರುತ್ತದೆ.

ಬಂದ ದಿನವೇ ಹೀಗೆ ಹೋಗಿ ಕೂಡುವುದು ಸರಿಯೇ ಎಂಬ ಮಾತು ಈಗೀಗ ಕೇಳಿಬರುತ್ತಿದೆ. ಹೆಣ್ಣುಮಕ್ಕಳ ಬಾಯಲ್ಲಿ ಹೆಚ್ಚು. ಅವರ ಮಾತಿನಲ್ಲಿ ತೂಕವಿದೆ.

ಕಬ್ಬಿನ ಗ್ಯಾಂಗಿನಲ್ಲಿ ಗಂಡ ಹೆಂಡತಿ ಜೋಡಿಯಾಗಿ ದುಡಿಯುತ್ತಾರೆ. ಗಂಡ ಕಡಿದದ್ದನ್ನು ಹೆಂಡತಿ ಸೂಡು ಕಟ್ಟುತ್ತಾಳೆ, ತಲೆಯ ಮೇಲೆ ಹೊತ್ತು ಗಾಡಿಗೆ ಹಾಕುತ್ತಾಳೆ, ಅದಕ್ಕೂ ಮೊದಲು ನಸುಕಿನಲ್ಲೆದ್ದು ರೊಟ್ಟಿ ಬಡಿದಿರುತ್ತಾಳೆ. ಹಾಗೆ ಐದಾರು ತಿಂಗಳು ದುಡಿದು ಬಂದವಳು ಬೀಗ ಹಾಕಿದ್ದ ಮನೆ ತೆಗೆಯುತ್ತಾಳೆ. ಜಂತಿಯಿಂದ ಮಣ್ಣು ಉದುರಿರುತ್ತದೆ, ಜೋಳದ ಚೀಲಕ್ಕೆ ಇಲಿ ಬಿದ್ದಿರುತ್ತದೆ, ಹಿಟ್ಟು ಬೀಸಿಸಿರುವುದಿಲ್ಲ. ಅಷ್ಟರಲ್ಲೇ ಬಾಗಿಲಲ್ಲಿ ಚಪ್ಪಲಿಗಳು ಸಾಲುಗಟ್ಟುತ್ತವೆ. ಅವಳು ಪಕ್ಕದ ಮನೆಯಿಂದ ಹಾಲು, ಸಕ್ಕರೆ ಕಡ ತಂದು ಚಾಕ್ಕೆ ಇಡಬೇಕು. ಗಂಡ ಗೋಡೆಗೆ ಒರಗಿ ಕೂತು ಮಾತಾಡಬಹುದು. ಅವಳು ಒಲೆಯ ಮುಂದಿನಿಂದ ಏಳುವಂತಿಲ್ಲ. ಮಾತಾಡಿಸಲು ಬಂದವರು ಮಾತಾಡಿಸುವುದು ಯಾರನ್ನು?

ದುಡ್ಡಿನ ಸಂಗತಿಯೂ ಇದೆ. ದುಡಿದು ಬಂದವರ ಕೈಯಲ್ಲಿ ಗಂಟು ಇದೆ ಎಂದು ಊರು ತಿಳಿಯುತ್ತದೆ. ಆದರೆ ಅವರು ಹೋಗುವ ಮೊದಲೇ ಗ್ಯಾಂಗು ಕಟ್ಟುವ ಮುಕಾದಮನಿಂದ ಮುಂಗಡ ತೆಗೆದುಕೊಂಡಿರುತ್ತಾರೆ. ಅದು ಮದುವೆಗೋ ಹಳೆ ಸಾಲಕ್ಕೋ ಕರಗಿರುತ್ತದೆ. ಕಡಿದ ಟನ್ನು ಕಡಿಮೆಯಾದರೆ ಬಾಕಿ ಮುಂದಿನ ಹಂಗಾಮಿಗೆ ಅಂಟಿಕೊಳ್ಳುತ್ತದೆ. ಬರಿಗೈಲಿ ಬಂದವನ ಎದುರು ಚಾ ಕುಡಿಯುತ್ತ “ಒಂದೀಟು ರೊಕ್ಕದ ಅಡಚಣಿ ಐತಿ” ಎಂದರೆ ಅವನು ಇಲ್ಲ ಎನ್ನಲೂ ಆರ, ಕೊಡಲೂ ಆರ.

ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ವಿಷಯ. ಶಾಲೆ ತಪ್ಪಬಾರದೆಂದು ಅಜ್ಜ ಆಯಿಯ ಹತ್ತಿರ ಬಿಟ್ಟು ಹೋದ ಕೂಸು, ಅವ್ವ ಬಂದಾಗ ಆಯಿಯ ಸೀರೆಯ ಹಿಂದೆ ಅಡಗುತ್ತದೆ. ಅದು ಹೊರಗೆ ಬರಲು ಹೊತ್ತು ಬೇಕು, ಒಂದಷ್ಟು ಶಾಂತಿ ಬೇಕು. ಮನೆ ತುಂಬ ಜನ ಕೂತಿದ್ದರೆ ಆ ಹೊತ್ತು ಸಿಗುವುದಿಲ್ಲ.

ಇಷ್ಟೆಲ್ಲ ನಿಜವಿದ್ದರೂ, ಯಾರೂ ಬಾರದ ಮನೆ ಹೇಗಿರುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2020ರ ಮಾರ್ಚ್ 25, ಯುಗಾದಿಯ ದಿನವೇ ದೇಶ ಲಾಕ್‌ಡೌನ್ ಆಯಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಇರಿಸಿದರು. ಅದು ಬೇಕಾಗಿತ್ತು, ಅದನ್ನು ತಪ್ಪೆನ್ನುವುದಿಲ್ಲ. ಆದರೆ ಮನೆಗೆ ಬಂದ ಮೇಲೂ ಓಣಿ ಅವರನ್ನು ದೂರದಿಂದ ನೋಡಿತು. ಸ್ವಂತ ಊರಿನಲ್ಲೇ ಪರಕೀಯರಾಗುವುದು ಎಂದರೆ ಏನೆಂದು ಅವರಿಗೆ ಆಗ ತಿಳಿಯಿತು. ವಿಶ್ರಾಂತಿಗೇನೂ ಕೊರತೆ ಇರಲಿಲ್ಲ.

ಮಾತಾಡಿಸಲು ಬರುವವರು ಮಾಡುವ ಒಂದು ಕೆಲಸವನ್ನು ಫೋನು ಮಾಡಲಾರದು. ಇಲ್ಲದ ತಿಂಗಳುಗಳ ಊರನ್ನು ಅವರು ಬಂದವನ ಕೈಗೆ ಒಪ್ಪಿಸುತ್ತಾರೆ: ಯಾರು ತೀರಿಕೊಂಡರು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರ ಬಾವಿ ಬತ್ತಿತು, ಬದುವಿನ ಜಗಳ ಎಲ್ಲಿಗೆ ಬಂತು. ಮರುದಿನ ಅವನು ಸಾವಾದ ಮನೆಗೆ ಮೊದಲು ಹೋಗಬೇಕು. ಗೊತ್ತಿಲ್ಲದೆ ಕಟ್ಟೆಯ ಮೇಲೆ ನಗುತ್ತ ಕೂತರೆ ಅದು ಗಾಯ. ಪಾದಯಾತ್ರೆಯಿಂದ ಬಂದವರಿಗಂತೂ ಕೇಳುವವರು ಬೇಕೇ ಬೇಕು. ನಲ್ಲಮಲದ ಕಾಡು, ಭೀಮನಕೊಳ್ಳದ ಏರು, ಬೊಬ್ಬೆ ಎದ್ದ ಅಂಗಾಲು, ದಾರಿಯುದ್ದಕ್ಕೂ ನಿಂತು ಅನ್ನ ಮಜ್ಜಿಗೆ ಕೊಟ್ಟವರು, ಇವನ್ನೆಲ್ಲ ಹೇಳಿ ಪ್ರಸಾದ ಹಂಚಿದಾಗಲೇ ಅವರ ಯಾತ್ರೆ ಮುಗಿಯುವುದು. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎಂದು ಸೀರೆ ಕುಪ್ಪಸ ಕಟ್ಟಿಕೊಂಡು ಯುಗಾದಿಗೆ ಅಷ್ಟು ದೂರ ನಡೆಯುವ ಜನ ನಾವು. ಮಗಳ ಮನೆಗೆ ಹೋಗಿ ಬಂದವರನ್ನು ಆಕೆ ಹೇಗಿದ್ದಾಳೆಂದು ಕೇಳದೆ ಇರುವುದು ಹೇಗೆ?

ಹಾಗಾಗಿ ಯಾತ್ರೆಯಿಂದ ಬಂದವರ ಮನೆಗೆ ಅದೇ ಸಂಜೆ ಹೋಗುವುದನ್ನು ನಾನು ಒಪ್ಪುತ್ತೇನೆ. ಅವರ ಮನೆ ಬೀಗ ಹಾಕಿರುವುದಿಲ್ಲ, ಒಲೆ ಆರಿರುವುದಿಲ್ಲ. ಗುಳೆಯಿಂದ ಬಂದವರದು ಬೇರೆ. ಅಲ್ಲಿಗೂ ಹೋಗಬೇಕು, ಆದರೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಸಾವಾದ ಮನೆಯಲ್ಲಿ ಒಲೆ ಹೊತ್ತದ ದಿನ ನೆರೆಯವರು ಅಡುಗೆ ಒಯ್ಯುವ ರೂಢಿ ನಮ್ಮಲ್ಲಿದೆಯಲ್ಲ, ಆ ಕೈಯೇ ಇಲ್ಲಿಗೂ ಸಾಕು. ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಒಂದು ಚರಿಗೆ ಮಜ್ಜಿಗೆ. ಚಾ ಬೇಡವೆಂದು ಬಾಗಿಲಲ್ಲೇ ಹೇಳಿ, “ಬಾ ತಂಗಿ, ನೀನೂ ಕೂಡು” ಎಂದು ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಬೇಕು. ರೊಕ್ಕದ ಮಾತು ಅಮಾವಾಸ್ಯೆ ದಾಟಿದ ಮೇಲೆ.

ಇದಕ್ಕೂ ತಕರಾರು ಬಂದೀತು. ಬುತ್ತಿ ಒಯ್ಯಲಾರದ ಬಡವರು ಏನು ಮಾಡಬೇಕು, ಅವರು ಹಿಂದೆ ಉಳಿಯುವುದಿಲ್ಲವೇ ಎಂದು ಕೇಳಿದರೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅಂಥವರು ಬರಿಗೈಲಿ ಬಂದು, ಎರಡು ಕೊಡ ನೀರು ತಂದು ಹಾಕಿ ಹೋದರೂ ಆ ಮನೆಯವಳಿಗೆ ಅಂದು ಅದೇ ದೊಡ್ಡದು.