ಈಜು ಬಾರದ ಪದವೀಧರರು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕೋಶ ಓದಿಸುವ ಹೊಣೆಯನ್ನು ನಮ್ಮ ಕಾಲೇಜುಗಳು ಹೊತ್ತಿವೆ. ದೇಶ ಸುತ್ತುವುದನ್ನು ನಮ್ಮ ನಮ್ಮ ಅದೃಷ್ಟಕ್ಕೆ ಬಿಟ್ಟಿವೆ. ರಜೆ ಬಂದೊಡನೆ ನಾಲ್ಕಾರು ಜನ ಗೆಳೆಯರು ಬುತ್ತಿ ಕಟ್ಟಿಕೊಂಡು, ಕಾಡಿನ ನಡುವಿನ ಯಾವುದಾದರೊಂದು ಮಡುವನ್ನು ಹುಡುಕಿಕೊಂಡು ಹೊರಡುವುದುಂಟು. ಈ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಅದರ ಜೊತೆಗೆ ಇರಬೇಕಾದ ಒಂದು ವಿದ್ಯೆ ನಮ್ಮಲ್ಲಿಲ್ಲವೆಂಬ ವಿಚಾರವನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡಬಯಸುತ್ತೇನೆ.

ಕನಕಪುರ ತಾಲ್ಲೂಕಿನ ಸಂಗಮವನ್ನೇ ತೆಗೆದುಕೊಳ್ಳೋಣ. ಅಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುತ್ತದೆ. ಅರ್ಕಾವತಿಯನ್ನು ದಾಟಿ ದಡದ ಗುಂಟ ಸುಮಾರು 4 ಕಿಲೋಮೀಟರ್ ನಡೆದರೆ ಮೇಕೆದಾಟು. ಈ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಕಳೆದ ಬೇಸಿಗೆಯಲ್ಲಿ ನಾವು ಐವರು ಆ ದಾರಿ ನಡೆದೆವು. ಒಂದು ಕಡೆ ಬಿದಿರು, ಮುಳ್ಳುಪೊದೆ, ಬಿಸಿಲಿಗೆ ಎಲೆ ಉದುರಿಸಿದ ಕುರುಚಲು ಕಾಡು; ಇನ್ನೊಂದು ಕಡೆ ನೀರಿನ ಅಂಚಿನಲ್ಲಿ ಹಸುರಾಗಿ ನಿಂತ ಹೊಳೆಮತ್ತಿಯ ಮರಗಳು. ಭೂಗೋಳದ ಪಾಠದಲ್ಲಿ ಓದಿದ ಸವೆತವನ್ನು ಕಣ್ಣಾರೆ ಕಂಡೆವು. ಪ್ರವಾಹಕ್ಕೆ ಸಿಕ್ಕ ಕಲ್ಲುಗಳು ಬಂಡೆಯ ತಗ್ಗಿನಲ್ಲಿ ಸುತ್ತಿ ಸುತ್ತಿ ಒರಳಿನಂಥ ಗುಂಡಿಗಳನ್ನು ಕೊರೆದಿವೆ. ನೀರಿಳಿದಾಗ ಅವು ನೋಡಲು ಚಂದ. ನೀರಿನಡಿಯಲ್ಲಿ ಅವೇ ಮೃತ್ಯುಕೂಪ. ಮೊಣಕಾಲುದ್ದ ನೀರೆಂದು ನಂಬಿ ಇಟ್ಟ ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟು ಆಳವಿರಬಹುದು. "ಮೇಲೆ ಸುಮ್ಕಿರ್ತದೆ ಕಣ್ರಪ್ಪ, ಒಳಗೆ ಎಳ್ಕೊಳ್ತದೆ" ಎಂದರು ತೆಪ್ಪದ ಮುದುಕರೊಬ್ಬರು. ನಾವು ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಐವರಲ್ಲಿ ಈಜು ಬರುತ್ತಿದ್ದವನು ಒಬ್ಬನೇ.

ಈ ಲೆಕ್ಕವೇ ನನ್ನನ್ನು ಚಿಂತೆಗೆ ಹಚ್ಚಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರಿಗೆ ಓದು ಬಾರದು, ಈಜು ಬರುತ್ತದೆ. ನನಗೆ ಓದು ಬರುತ್ತದೆ, ಈಜು ಬಾರದು. ಅವರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ತೆರೆದ ಬಾವಿಯಲ್ಲಿ ಕಲಿತರು. ಸುತ್ತಲೂ ಕೊಳವೆ ಬಾವಿಗಳು ಬಂದ ಮೇಲೆ ಆ ಬಾವಿ ಬತ್ತಿತು. ನೀರಿನೊಡನೆ ವಿದ್ಯೆಯೂ ಬತ್ತಿತು. ದೋಣಿಯವನನ್ನು 'ಶಾಸ್ತ್ರ ಬಲ್ಲೆಯಾ' ಎಂದು ಹೀಯಾಳಿಸಿದ ಪಂಡಿತನ ಕಥೆ ಕೇಳಿ ಬಾಲ್ಯದಲ್ಲಿ ನಕ್ಕಿದ್ದೇವೆ. ಈಗ ಆ ಪಂಡಿತರು ನಾವೇ.

ಹಾಗೆಂದು ಹಿಂದಿನ ಕಾಲವೇ ಚೆನ್ನಿತ್ತೆಂದು ನಾನು ಹೇಳುತ್ತಿಲ್ಲ. ಊರಿನ ಕೆರೆ ಬಾವಿಗಳು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿಯೇ ಡಾ. ಅಂಬೇಡ್ಕರರು 1927ರಲ್ಲಿ ಮಹಾಡಿನಲ್ಲಿ ಸತ್ಯಾಗ್ರಹ ನಡೆಸಬೇಕಾಯಿತು. ಹೆಣ್ಣುಮಕ್ಕಳ ಪಾಲಿಗಂತೂ ಬಾವಿಯೆಂದರೆ ನೀರು ಸೇದುವ ಜಾಗ. ಆದಕಾರಣ ಈ ವಿದ್ಯೆ ಹಿಂದೆಯೂ ಎಲ್ಲರಿಗೆ ದಕ್ಕಿರಲಿಲ್ಲ. ಎಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವ ಸರ್ಕಾರಿ ಕಾಲೇಜೇ ಅದನ್ನು ಎಲ್ಲರಿಗೂ ಕೊಡಬಲ್ಲದು.

ನೀರಿನ ಬಳಿಗೇ ಹೋಗಬೇಡಿ ಎಂಬುದು ಸುಲಭದ ಉತ್ತರ. ಎಚ್ಚರಿಕೆಯ ಫಲಕವಿದ್ದಲ್ಲಿ ಅದನ್ನು ಪಾಲಿಸಲೇಬೇಕು, ಅದರಲ್ಲಿ ವಾದವಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಇವರೆಲ್ಲ ವಿಹಾರಕ್ಕೆ ಹೋದವರಲ್ಲ. ಮಡುವನ್ನು ತಪ್ಪಿಸಿಕೊಂಡರೂ ಹಳ್ಳಿಯವರಿಗೆ ನಾಲೆ, ಕೆರೆ, ಕೃಷಿ ಹೊಂಡಗಳು ತಪ್ಪುವುದಿಲ್ಲ.

ಈಜು ಕಲಿತರೆ ಹುಂಬ ಧೈರ್ಯ ಹೆಚ್ಚುತ್ತದೆ ಎನ್ನುವವರುಂಟು. ಬಲ್ಲವರಿಂದ ಕಲಿತವನಿಗೆ ಮೊದಲು ತಿಳಿಯುವುದು ಯಾವ ನೀರಿಗೆ ಇಳಿಯಬಾರದೆಂಬುದೇ. ಮೇಕೆದಾಟಿನಲ್ಲಿ "ಇಲ್ಲಿ ಬೇಡ" ಎಂದು ಎಲ್ಲರಿಗಿಂತ ಮೊದಲು ಹೇಳಿದವನು ನಮ್ಮ ಗುಂಪಿನ ಆ ಒಬ್ಬ ಈಜುಗಾರನೇ.

ನನ್ನ ಬಿನ್ನಹ ಇಷ್ಟು: ಪ್ರಥಮ ವರ್ಷದ ಹುಡುಗರಿಗೂ ಹುಡುಗಿಯರಿಗೂ ಊರಿನ ಈಜುಕೊಳದಲ್ಲಿ ಈಜು ಕಲಿಸುವ ಏರ್ಪಾಡಾಗಲಿ. ಮುಳುಗುತ್ತಿರುವವನ ಬಳಿಗೆ ತಾನೂ ಹಾರದೆ, ದಡದಿಂದಲೇ ಹಗ್ಗವನ್ನೋ ಕೋಲನ್ನೋ ಪಂಚೆಯನ್ನೋ ಚಾಚಬೇಕೆಂಬ ಪಾಠವನ್ನು ಎನ್.ಎಸ್.ಎಸ್. ಶಿಬಿರದಲ್ಲಿ ಮಾಡಿ ತೋರಿಸಲಿ. ಆಮೇಲೆ ವರ್ಷಕ್ಕೊಮ್ಮೆ ಗುರುಗಳೇ ಮುಂದಾಗಿ ನಮ್ಮನ್ನು ಕಾಡಿನ ದಾರಿಯಲ್ಲಿ ನಡೆಸಲಿ. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ಬರಲಿರುವ ತಮ್ಮ ತಂಗಿಯರಿಗಾದರೂ ಪದವಿಯ ಜೊತೆಗೆ ಈ ವಿದ್ಯೆಯೂ ದೊರೆಯಲಿ.