ಮರಗಸಿಯವನ ಮೇಲೆ ಮಾತ್ರ ಕಣ್ಣು

ಪಿಕಪ್ ತುಂಬ ಸೌದೆ ಹೇರಿಕೊಂಡು ಹೋಗುವವನ ಫೋಟೊ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ ಸಾಕು, ಸಕಲೇಶಪುರ, ಆಲೂರು ಸೀಮೆಯಲ್ಲಿ ಎರಡು ಪಾಳಯ ಎದ್ದು ನಿಲ್ಲುತ್ತವೆ. ಒಂದು ಪಾಳಯಕ್ಕೆ ಅವನು ಪಶ್ಚಿಮ ಘಟ್ಟವನ್ನು ಬೋಳು ಮಾಡುತ್ತಿರುವ ಮರಗಳ್ಳ. ಇನ್ನೊಂದಕ್ಕೆ ಅರಣ್ಯ ಇಲಾಖೆಯ ಕಿರುಕುಳಕ್ಕೆ ಸಿಕ್ಕಿದ ಬಡಪಾಯಿ. ಆ ಸೌದೆ ಯಾವ ಮರದ್ದು, ಮರ ಬುಡಸಮೇತ ಉರುಳಿದ್ದೋ ಬರೀ ಕೊಂಬೆ ಇಳಿಸಿದ್ದೋ ಎಂದು ಎರಡೂ ಕಡೆಯವರು ಕೇಳುವುದಿಲ್ಲ. ಕೇಳಿದರೆ ಜಗಳದ ರುಚಿ ಕೆಡುತ್ತದೆ.

ನಾನು ಈ ಸೌದೆಯ ವ್ಯಾಪಾರದಲ್ಲೇ ಇದ್ದೇನೆ. ಕಾಫಿ ತೋಟಗಳಲ್ಲಿ ಮರಗಸಿ ಹಿಡಿಯುವ ಸಣ್ಣ ತಂಡ, ಇಳಿಸಿದ ಕೊಂಬೆಯನ್ನು ಒಣಗಿಸಿ ಮಾರುವ ಒಂದಿಷ್ಟು ಜಾಗ, ಇಷ್ಟೇ ನನ್ನ ಬಂಡವಾಳ. ಆದ್ದರಿಂದ ಇಲ್ಲಿ ನನ್ನ ಸ್ವಾರ್ಥವೂ ಇದೆ ಎಂದು ಓದುಗರು ಧಾರಾಳವಾಗಿ ಅಂದುಕೊಳ್ಳಬಹುದು. ಆದರೂ ಹೇಳುತ್ತೇನೆ: ನಮ್ಮ ಬೆಟ್ಟಗಳಲ್ಲಿ ಕಾಡುಜಾತಿ ಮರ ಉಳಿದಿದ್ದರೆ ಅದರ ಅರ್ಧ ಪುಣ್ಯ ಮರ ಹತ್ತುವವನದು. ನಮ್ಮ ಕಾನೂನು ಹಿಡಿಯುವುದು ಅವನ ಕೊರಳಪಟ್ಟಿಯನ್ನೇ.

ಘಟ್ಟದ ಕೆಳಗಿನವರಿಗಾಗಿ ಮರಗಸಿ ಏನೆಂದು ಹೇಳಬೇಕು. ನಮ್ಮಲ್ಲಿ ಕಾಫಿ ಬೆಳೆಯುವುದು ನೆರಳಿನಲ್ಲಿ. ನೆರಳು ಕಡಿಮೆಯಾದರೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬೀಳುತ್ತದೆ, ಗಿಡ ನಿಂತಲ್ಲೇ ಒಣಗುತ್ತದೆ. ನೆರಳು ಹೆಚ್ಚಾದರೆ ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆರೋಗ, ಮುಂದಿನ ವರ್ಷಕ್ಕೆ ಗಿಡದ ರೆಕ್ಕೆಗಳಲ್ಲಿ, ಅಂದರೆ ಕವಲುಗಳಲ್ಲಿ, ಹೂವಿಲ್ಲ. ಹಾಗಾಗಿ ಕೊಯ್ಲು ಮುಗಿದು ಮುಂಗಾರು ಹಿಡಿಯುವುದರೊಳಗೆ ಅತ್ತಿ, ಬಸರಿ, ನೇರಳೆ, ಹಲಸು, ಮತ್ತಿ, ನಂದಿ, ಹಾಲುವಾಣ ಎಲ್ಲವನ್ನೂ ಹತ್ತಿ, ಕೊಂಬೆ ಸವರಿ, ಬೇಕಾದಷ್ಟು ಬೆಳಕು ಬಿಡಬೇಕು. ಇದೇ ಮರಗಸಿ. ಕೆಳಗಿನ ಕೊಂಬೆ ತೆಗೆದು ಮರದ ನೆತ್ತಿಯನ್ನು ವರ್ಷವರ್ಷ ಮೇಲೇರಿಸಬೇಕು. ಮೂಡಣದ ಬಿಸಿಲಿಗೆ ದಾರಿ ಬಿಟ್ಟು, ಪಡುವಣದ ಸುಡುಬಿಸಿಲು ತಡೆಯುವ ಕೊಂಬೆ ಉಳಿಸಬೇಕು. ನೆಲದ ಮೇಲೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದರೆ ಕೆಲಸ ಸರಿಯಾಯಿತೆಂದು ಲೆಕ್ಕ.

ಇದು ಕತ್ತಿ ಬೀಸಿ ಮುಗಿಸುವ ಕೆಲಸವಲ್ಲ. ದಪ್ಪ ಕೊಂಬೆಯನ್ನು ಮೇಲಿನಿಂದಲೇ ಕಡಿದರೆ ಅದು ತೂಕಕ್ಕೆ ಸಿಗಿದು, ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸುಲಿದುಕೊಂಡು ಬೀಳುತ್ತದೆ. ಆ ಗಾಯಕ್ಕೆ ನೀರಿಳಿದು ಕೆಲವು ವರ್ಷಗಳಲ್ಲಿ ಮರ ಪೊಳ್ಳು. ಅದಕ್ಕೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿಯಬೇಕು. ಉದ್ದನೆಯ ಕೂಳೆ ಬಿಡಬಾರದು, ಕಾಂಡಕ್ಕೆ ತಾಗುವಂತೆ ಕೆತ್ತಲೂಬಾರದು. ಕೊಂಬೆಗೆ ಹಗ್ಗ ಕಟ್ಟಿ ಕೆಳಗಿರುವ ಕಾಫಿ ಗಿಡ ಮುರಿಯದ ಹಾಗೆ, ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹರಿಯದ ಹಾಗೆ ಇಳಿಸಬೇಕು. ಮೇಲೆ ಚಗಳಿ ಇರುವೆ, ಎಲ್ಲೋ ಮರೆಯಲ್ಲಿ ಹೆಜ್ಜೇನು, ಪಕ್ಕದಲ್ಲಿ ಕರೆಂಟಿನ ತಂತಿ. ಇಷ್ಟು ಬಲ್ಲವನು ಈಗ ಊರಿಗೊಬ್ಬ ಸಿಕ್ಕರೆ ಹೆಚ್ಚು. ಕೊಯ್ಲಿಗೆ, ಕಳೆಗೆ ಅಸ್ಸಾಮಿನಿಂದ ಜನ ಬಂದಿದ್ದಾರೆ. ಮರ ಹತ್ತಲು ಯಾರೂ ಬಂದಿಲ್ಲ. ಹತ್ತುತ್ತಿದ್ದವರ ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ, ಅವರನ್ನು ಯಾವ ಬಾಯಲ್ಲಿ ವಾಪಸ್ ಕರೆಯುವುದು?

ಈಗ ಕಾನೂನಿಗೆ ಬರೋಣ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಅದಿಲ್ಲದಿದ್ದರೆ ನಮ್ಮ ಕಡೆ ಇಷ್ಟು ಹೊತ್ತಿಗೆ ಏನಾಗುತ್ತಿತ್ತೋ. ಆದರೆ ಆ ಕಾಯ್ದೆ ಕೆಲವು ಜಾತಿಗಳಿಗೆ ವಿನಾಯಿತಿ ಕೊಟ್ಟಿದೆ. ನೀಲಗಿರಿ, ಗಾಳಿಮರ, ಸುಬಾಬುಲ್, ರಬ್ಬರ್, ಹಾಗೂ ನಮಗೆ ಮುಖ್ಯವಾದ ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಈ ಸಿಲ್ವರ್ ನೆಟ್ಟಗೆ ಬೆಳೆಯುತ್ತದೆ, ಮೆಣಸು ಹಬ್ಬಿಸಲು ಹೇಳಿ ಮಾಡಿಸಿದ್ದು, ಪ್ಲೈವುಡ್ಡಿಗೆ ಹೋಗುತ್ತದೆ, ಕಡಿಯಲು ಯಾರ ಅಪ್ಪಣೆಯೂ ಬೇಡ. ತೋಟದಲ್ಲಿ ತಾನಾಗಿ ಹುಟ್ಟಿದ ನೇರಳೆಯನ್ನೋ ಮತ್ತಿಯನ್ನೋ ತೆಗೆಯಬೇಕಾದರೆ ಅರ್ಜಿ, ಪಹಣಿ, ನಕ್ಷೆ, ಸ್ಥಳ ತನಿಖೆ. ಬೀಟೆಯಾದರೆ ಮರ ಮಾಲೀಕನದೋ ಸರ್ಕಾರದ್ದೋ ಎಂದು ಹಳೇ ಕಂದಾಯ ದಾಖಲೆ ಬಗೆದು ನೋಡುವುದೇ ಒಂದು ಪರ್ವ.

ಬೆಳೆಗಾರ ದಡ್ಡನಲ್ಲ. ತನ್ನ ಮೊಮ್ಮಗನಿಗೆ ತಲೆನೋವು ತರುವ ಮರದ ಸಸಿಯನ್ನು ಅವನೇಕೆ ಬೆಳೆಯಲು ಬಿಡುತ್ತಾನೆ? ಕಳೆ ಹೊಡೆಯುವಾಗ ಮೊಣಕಾಲುದ್ದದ ನೇರಳೆ ಸಸಿ ಕಂಡರೆ ಅಲ್ಲೇ ಸವರಿಸಿಬಿಡುತ್ತಾನೆ. ಅದಕ್ಕೆ ಅನುಮತಿಯ ಪ್ರಶ್ನೆಯೇ ಇಲ್ಲ, ಯಾವ ದಾಖಲೆಯಲ್ಲೂ ಅದು ಮರವಲ್ಲ. ಜಾಗ ಖಾಲಿಯಾದಲ್ಲಿ ಸಿಲ್ವರ್ ಹಾಕುತ್ತಾನೆ. ಮಲೆನಾಡಿನ ತೋಟಗಳಲ್ಲಿ ಕಾಡುಮರ ಕಡಿಮೆಯಾಗಿ ಸಿಲ್ವರ್ ಸಾಲು ಹೆಚ್ಚಿದ್ದು ಬರೀ ಕಳ್ಳರ ಕೊಡಲಿಯಿಂದಲ್ಲ. ಯಾವ ಮರ ಕಡಿದರೆ ತೊಂದರೆ, ಯಾವುದು ಕಡಿದರೆ ನಿರಾಳ ಎಂಬ ಕಾನೂನಿನ ಪಾಠವನ್ನು ರೈತ ಶ್ರದ್ಧೆಯಿಂದ ಕಲಿತದ್ದರಿಂದಲೂ ಹೌದು.

ಉಳಿದಿರುವ ದೊಡ್ಡ ಕಾಡುಮರಗಳ ಗತಿ ಮರಗಸಿಯ ಮೇಲೆ ನಿಂತಿದೆ. ಸಿಲ್ವರ್‌ಗೆ ಹೆಚ್ಚಿನ ಆರೈಕೆ ಬೇಡ. ಅತ್ತಿ, ಹಲಸಿನಂಥ ಹರಡುವ ಮರಗಳಿಗೆ ಆಗಾಗ ಹತ್ತುವವನು ಬೇಕೇ ಬೇಕು. ಹತ್ತುವವನ ಕೂಲಿ ದುಬಾರಿ. ಆ ಖರ್ಚಿನಲ್ಲಿ ಸ್ವಲ್ಪವನ್ನಾದರೂ ಮರಳಿ ಕೊಡುವುದು ಇಳಿಸಿದ ಕೊಂಬೆ, ಅಂದರೆ ಸೌದೆ. ನನ್ನಂಥವರು ತೋಟದವರ ಜೊತೆ ಮಾಡಿಕೊಳ್ಳುವ ಒಪ್ಪಂದವೂ ಬಹಳ ಕಡೆ ಹೀಗೆಯೇ: ಗಸಿ ಕೂಲಿಯಲ್ಲಿ ಇಷ್ಟು ಮುರಿದುಕೊಳ್ಳಿ, ಸೌದೆ ನಮಗಿರಲಿ. ಸೌದೆಯ ಲೋಡು ರಸ್ತೆಗಿಳಿದ ಕೂಡಲೇ ಯಾರೋ ಒಬ್ಬರು ಕೈ ಅಡ್ಡ ಹಿಡಿದು ಸಾಗಣೆ ಪಾಸ್ ಎಲ್ಲಿ ಎಂದರೆ ಈ ಲೆಕ್ಕ ಮುರಿಯುತ್ತದೆ. ಗಂಟೆಗಟ್ಟಲೆ ನಿಂತ ಗಾಡಿಯ ಬಾಡಿಗೆಯೇ ಸೌದೆಯ ಬೆಲೆ ತಿಂದುಹಾಕುತ್ತದೆ. ಇಂಥದ್ದು ಒಂದೆರಡು ಸಲ ಆದರೆ ನಾವು ಆ ಕೆಲಸ ಬೇಡ ಎನ್ನುತ್ತೇವೆ. ಆಗ ಬೆಳೆಗಾರ ವರ್ಷವರ್ಷ ಗಸಿ ಮಾಡಿಸುವ ಗೊಡವೆಯೇ ಬೇಡವೆಂದು ಮರದ ಬುಡಕ್ಕೇ ಬರುತ್ತಾನೆ. ಬುಡದಲ್ಲಿ ತೊಗಟೆ ಸುತ್ತಲೂ ಕೆತ್ತಿ ಬಿಟ್ಟರೆ ಮರ ತಾನೇ ಒಣಗುತ್ತದೆ, ಒಣಮರಕ್ಕೆ ಅನುಮತಿ ಕೇಳುವುದು ಸುಲಭ ಎಂಬ ವಿದ್ಯೆ ಇಲ್ಲಿ ಯಾರಿಗೆ ಗೊತ್ತಿಲ್ಲ?

ಸಡಿಲ ಬಿಟ್ಟರೆ ಸೌದೆಯ ಅಡಿಯಲ್ಲಿ ಬೀಟೆ ಸಾಗಿಸುತ್ತಾರೆ ಎಂದು ಪರಿಸರದ ಗೆಳೆಯರು ಹೇಳುತ್ತಾರೆ. ಸಾಗಿಸಿದವರು ಇದ್ದಾರೆ, ನಾನು ಇಲ್ಲವೆನ್ನುವುದಿಲ್ಲ. ಕಳ್ಳತನ ನಡೆಯುವುದು ನಮ್ಮ ಕಸುಬಿನವರ ಕಣ್ಣಿಗೆ ಬೀಳದೆ ಇರುವುದೂ ಇಲ್ಲ. ಆದರೆ ಬೀಟೆಯ ನಾಟಾ ಯಾವುದು, ಬಸರಿ ಕೊಂಬೆಯ ತುಂಡು ಯಾವುದು ಎಂದು ಗುರುತಿಸಲು ಇಲಾಖೆಯ ಗಾರ್ಡಿಗೆ ಪುಸ್ತಕ ಬೇಕಿಲ್ಲ, ದೂರದಿಂದಲೇ ಹೇಳಬಲ್ಲ. 1996ರ ಡಿಸೆಂಬರ್‌ನಲ್ಲಿ ಅರಣ್ಯ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಸಾಮಿಲ್‌ಗಳ ಮೇಲೆ ಬಿಗಿ ಹಿಡಿತ ಬಂತು. ದೊಡ್ಡ ಕಳ್ಳ ನಾಟಾ ಕೊನೆಗೆ ಸೇರಬೇಕಾದ್ದು ಒಂದು ಗರಗಸದ ಬಾಯಿಗೆ. ಕಾಯುವುದಾದರೆ ಅಲ್ಲಿ ಕಾಯಲಿ. ಹಂಡೆ ಒಲೆಗೆ ಹೋಗುವ, ಬೇಕರಿಗೆ, ಮದುವೆ ಮನೆಯ ಅಡುಗೆಗೆ ಹೋಗುವ ತೋಳುದಪ್ಪದ ತುಂಡುಗಳನ್ನು ಕಾಯ್ದು ಯಾವ ಕಾಡು ಉಳಿಸಿದಂತಾಯಿತು?

ಇಲ್ಲಿ ಕಣ್ಣಿನ ಅಳತೆಯ ಪ್ರಶ್ನೆಯೂ ಇದೆ. 2023ರ ಡಿಸೆಂಬರ್‌ನಲ್ಲಿ ಪಕ್ಕದ ಬೇಲೂರು ತಾಲ್ಲೂಕಿನ ನಂದಗೋಡನಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಮರ ಕಡಿದ ಪ್ರಕರಣ ರಾಜ್ಯದಾದ್ಯಂತ ಸುದ್ದಿಯಾಯಿತು. ಅದರ ಸರಿತಪ್ಪು ತನಿಖೆಗೆ, ಕೋರ್ಟಿಗೆ ಬಿಟ್ಟದ್ದು. ನನಗೆ ಕಂಡದ್ದು ಬೇರೆ: ಟಿ.ವಿ. ಚರ್ಚೆಯೆಲ್ಲ ಯಾವ ಪಕ್ಷಕ್ಕೆ ಮುಖಭಂಗ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ಇದೇ ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಗಾಗಿ ಬೆಟ್ಟ ಬಗೆದು, ಮರ ಉರುಳಿಸಿ, ಆನೆಯಷ್ಟು ಎತ್ತರದ ಕೊಳವೆ ಹೂತರು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯೂ ಆಯಿತು. ಶಿರಾಡಿ ಘಾಟಿಯ ಹೆದ್ದಾರಿ ಅಗಲ ಮಾಡಲು ಗುಡ್ಡ ನೆಟ್ಟಗೆ ಕಡಿದರು, ಮಳೆಗಾಲ ಬಂದರೆ ಅದು ರಸ್ತೆಗೆ ಇಳಿಯುತ್ತದೆ. ಸರ್ಕಾರ ಮರ ಕಡಿದರೆ ಅಭಿವೃದ್ಧಿ, ಶ್ರೀಮಂತ ಕಡಿದರೆ ರಾಜಕೀಯ, ನಾವು ಕೊಂಬೆ ಇಳಿಸಿದರೆ ಅಪರಾಧ.

ತೋಟದ ಮಾಲೀಕರನ್ನೂ ಇಲ್ಲಿ ಬಿಡುವಂತಿಲ್ಲ. 2024, 25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಎಷ್ಟೋ ಜನ ಅರೇಬಿಕಾ ಕಿತ್ತು ರೋಬಸ್ಟಾ ಕಡೆ ಹೊರಳಿದರು. ರೋಬಸ್ಟಾಕ್ಕೆ ಬಿಸಿಲು ಹೆಚ್ಚು ಬೇಕು. ‘ಸ್ವಲ್ಪ ಜೋರಾಗಿ ಗಸಿ ಮಾಡಪ್ಪ’ ಎಂದು ನಮಗೆ ಹೇಳುವ ಮಾತಿನ ಅರ್ಥ ನಮಗೆ ಗೊತ್ತು: ಮರ ಸತ್ತರೂ ಚಿಂತೆಯಿಲ್ಲ, ಸಾಯಿಸಿದವರು ತಾವಾಗಿರಬಾರದು. ಸಿಕ್ಕಿಬಿದ್ದರೆ ಮಹಜರಿನಲ್ಲಿ ಬರುವುದು ಗರಗಸ ಹಿಡಿದವನ ಹೆಸರು.

ಹಾಗೆಯೇ ಮರದಿಂದ ಬಿದ್ದವನ ಹೊಣೆ ಯಾರದು? ಮರಗಸಿ ಮಾಡುವಾಗ ಬಿದ್ದು ಸತ್ತ, ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸತ್ತ ಎಂಬ ಎರಡು ಸಾಲಿನ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಪ್ರತಿ ಹಂಗಾಮಿನಲ್ಲೂ ಬರುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ನೋಡಿದ್ದು ದೊಡ್ಡ ಎಸ್ಟೇಟುಗಳನ್ನು, ಅದರ ಲೈನ್ ಮನೆಗಳನ್ನು. ತೋಟದಿಂದ ತೋಟಕ್ಕೆ ಅಲೆಯುವ ಐದಾರು ಜನರ ತಂಡಕ್ಕೆ ಮಾಲೀಕ ಯಾರೆಂಬುದೇ ಕಾಗದದಲ್ಲಿಲ್ಲ. ತೋಟದವರು ಮೇಸ್ತ್ರಿಯ ಕಡೆ ಬೆರಳು ತೋರಿಸುತ್ತಾರೆ, ಮೇಸ್ತ್ರಿ ತಾನೂ ಅವರ ಜೊತೆ ಹತ್ತಿದವನೇ. ಬೆನ್ನುಮೂಳೆ ಮುರಿದವನನ್ನು ಹಾಸನಕ್ಕೋ ಮಂಗಳೂರಿಗೋ ಸಾಗಿಸಿ, ಖರ್ಚಿಗೆ ಚಂದಾ ಎತ್ತಿ ಮುಗಿಸುವುದು ನಮ್ಮ ಈಗಿನ ವಿಮಾ ಯೋಜನೆ. ಅದರ ಮೇಲೆ ಆನೆ. ಎಲ್ಲಿ ಗುಂಪು ಬೀಡುಬಿಟ್ಟಿದೆ ಎಂದು ಬೆಳಗಿನ ಸಂದೇಶ, ಎಚ್ಚರಿಕೆಯ ಕೆಂಪು ದೀಪ ನೋಡಿಕೊಂಡೇ ಆಲೂರು, ಸಕಲೇಶಪುರದಲ್ಲಿ ತೋಟಕ್ಕೆ ಕಾಲಿಡಬೇಕು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ದಸರಾ ಆನೆ ಅರ್ಜುನನೇ ಕಾಡಾನೆಯ ತಿವಿತಕ್ಕೆ ಸತ್ತ ಮೇಲೆ ಇಲ್ಲಿಯ ಅಪಾಯವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರದ ಪರಿಸರ ಸಚಿವಾಲಯ 2025ರ ಜೂನ್‌ನಲ್ಲಿ ಕೃಷಿ ಜಮೀನಿನ ಮರ ಕಡಿಯುವ ಬಗ್ಗೆ ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕಳಿಸಿತು. ಆನ್‌ಲೈನ್ ನೋಂದಣಿ, ಹತ್ತು ಮರದವರೆಗೆ ಫೋಟೊ ಹಾಕಿದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಪರಿಶೀಲನೆ. ದಿಕ್ಕು ಸರಿಯಿದೆ. ಆದರೆ ಇದು ಸಾಲಾಗಿ ನೆಟ್ಟು, ನೆಟ್ಟ ವರ್ಷ ಬರೆದಿಟ್ಟುಕೊಂಡವನಿಗೆ ಹೊಲಿದ ಅಂಗಿ. ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಬಸರಿಗೆ, ಅಜ್ಜನ ಕಾಲಕ್ಕಿಂತ ಮುಂಚಿನ ಮತ್ತಿಗೆ ನೆಟ್ಟ ದಿನಾಂಕ ಎಲ್ಲಿಂದ ತರುವುದು? ನಮ್ಮ ತೋಟಗಳ ಬೆಲೆಬಾಳುವ ಮರಗಳೆಲ್ಲ ಇಂಥವೇ. ರಾಜ್ಯ ಇದನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ಲಾಭ ಮತ್ತೆ ಸಿಲ್ವರ್‌ಗೇ.

ನಾನು ಕೇಳುವುದು ದೊಡ್ಡದೇನಲ್ಲ. ನಿಂತ ಮರದಿಂದ ಇಳಿಸಿದ, ಇಂತಿಷ್ಟು ಸುತ್ತಳತೆಯೊಳಗಿನ ಕೊಂಬೆಗೆ ತೋಟದವರ ಸಹಿ ಇರುವ ಒಂದು ಚೀಟಿ ಸಾಕು ಎಂದು ಸರ್ಕಾರ ಸ್ಪಷ್ಟವಾಗಿ ಬರೆದುಕೊಡಲಿ. ಶ್ರೀಗಂಧ, ಬೀಟೆ, ತೇಗವನ್ನು ಇದರ ಹೊರಗಿಡಲಿ, ನಮ್ಮ ಅಭ್ಯಂತರವಿಲ್ಲ. ತಾನಾಗಿ ಹುಟ್ಟಿದ ಕಾಡುಸಸಿಯನ್ನು ಉಳಿಸಿ ದಾಖಲಿಸಿದ ಬೆಳೆಗಾರನಿಗೆ ಮುಂದೆ ಅದರ ಮೇಲೆ ಸಿಲ್ವರ್‌ನಷ್ಟೇ ಹಕ್ಕು ಸಿಗಲಿ. ಆಮೇಲೆ ನೋಡಿ, ಯಾರು ಸಸಿ ಸವರುತ್ತಾರೆ ಎಂದು. ಮರ ಹತ್ತುವವರಿಗೆ ತರಬೇತಿ, ಸೊಂಟದ ಬೆಲ್ಟು, ಹೆಲ್ಮೆಟ್, ಗುರುತಿನ ಚೀಟಿ, ಅಪಘಾತ ವಿಮೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ನೆರಳು ಎಷ್ಟಿರಬೇಕೆಂದು ಬೆಳೆಗಾರರಿಗೆ ಹೇಳಿಕೊಟ್ಟದ್ದಕ್ಕೆ ನೂರು ವರ್ಷವಾಯಿತು. ಆ ನೆರಳನ್ನು ಮೇಲೆ ಹತ್ತಿ ಹದ ಮಾಡುವವನಿಗೂ ವರ್ಷಕ್ಕೊಂದು ಶಿಬಿರ ಮಾಡುವುದು ಕಾಫಿ ಮಂಡಳಿಗೆ ಹೊರೆಯಾಗಲಾರದು. ತಂತಿಯ ಪಕ್ಕದ ಮರ ಗಸಿ ಮಾಡುವ ದಿನ ವಿದ್ಯುತ್ ಕಂಪನಿ ಸೆಸ್ಕ್‌ನವರು ಫೋನೆತ್ತಿ ಲೈನ್ ಆಫ್ ಮಾಡಲಿ.

ಗುರುತಿನ ಚೀಟಿ ಕೊಟ್ಟರೆ ಹೊಣೆಯೂ ಬರುತ್ತದೆ, ಅದನ್ನೂ ಒಪ್ಪೋಣ. ಚೀಟಿ ಇದ್ದವನು ಮರದ ಕುತ್ತಿಗೆ ಕಡಿದರೆ, ಸೌದೆಯಡಿ ನಾಟಾ ಇಟ್ಟರೆ ಚೀಟಿ ಕಿತ್ತುಕೊಳ್ಳಲಿ. ಜೋರಾಗಿ ಗಸಿ ಮಾಡು ಎನ್ನುವ ತೋಟದವರಿಗೆ ‘ಆಗಲ್ಲ ಸಾರ್, ಚೀಟಿ ಹೋಗುತ್ತೆ’ ಎನ್ನುವ ಧೈರ್ಯ ನಮಗೆ ಬರುವುದು ಅಂದಿನಿಂದ. ಈಗ ಆ ಮಾತು ಹೇಳಿದರೆ ನಾಳೆ ಬೇರೆ ತಂಡ ಬರುತ್ತದೆ.