ಜೀಪಿನ ಚಕ್ರಕ್ಕೆ ಬೀಗ ಹಾಕುವ ಮುನ್ನ

ಹೋದ ಆಷಾಢದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸಕಲೇಶಪುರದ ಆಚೆ ಅವರದೊಂದು ಸಣ್ಣ ಕಾಫಿ ತೋಟವಿದೆ. ಹಿಂದಿನ ವಾರ ಅವನು ಜೀಪಿನಲ್ಲಿ ನಾಲ್ಕು ಮಂದಿ ಕೆಲಸದವರನ್ನು ಕೂರಿಸಿಕೊಂಡು ತೋಟದ ದಿಬ್ಬ ಹತ್ತುತ್ತಿದ್ದನಂತೆ. ಆ ದಾರಿಯ ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಹಳ್ಳ. ತಿರುವಿನಲ್ಲಿ ಜೀಪಿನ ಹಿಂಭಾಗ ಅಡ್ಡಕ್ಕೆ ಜಾರಿ, ಒಂದು ಸಿಲ್ವರ್ ಓಕ್ ಮರಕ್ಕೆ ಆತುಕೊಂಡು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮರ ಅಲ್ಲಿರದಿದ್ದರೆ?

"ಹಿಂದಿನ ಆಕ್ಸಲಿಗೆ ಲಾಕರ್ ಹಾಕಿಸಿದ್ದೆ ಸಾರ್. ಎಂಥಾ ಕೆಸರಲ್ಲೂ ಹೂಳಲ್ಲ ಅಂದಿದ್ದರು. ಈಗ ಅಪ್ಪ ಅದನ್ನ ಕಿತ್ತು ಬಿಸಾಡು, ಮೊದಲಿನ ಹಾಗೆ ಚೈನು ಸುತ್ತಿಕೊಂಡು ಹೋಗು ಅಂತಾರೆ. ಏನು ಮಾಡಲಿ?" ಎಂದ.

"ಎಂಟನೇ ತರಗತಿಯಲ್ಲಿ ನಾನು ಘರ್ಷಣೆಯ ಪಾಠ ಮಾಡುವಾಗ ಕಿಟಕಿಯಾಚೆ ನೋಡುತ್ತಿದ್ದೆಯಲ್ಲ, ಅದರ ಬಡ್ಡಿ ಇದು" ಎಂದೆ. ಅವನು ನಕ್ಕ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಈಗ ಮಲೆನಾಡಿನ ತೋಟಗಳಲ್ಲೂ ಹೊಸ ಹೊಸ ಜೀಪುಗಳು ಓಡಾಡುತ್ತಿವೆ. 'ಡಿಫರೆನ್ಷಿಯಲ್ ಲಾಕ್' ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದೇನು, ಯಾವುದನ್ನು ಆರಿಸಬೇಕು ಎಂದು ಸ್ವಲ್ಪ ನೋಡೋಣ.

ಕಣದಲ್ಲಿ ಮೇಟಿಯ ಸುತ್ತ ಎತ್ತುಗಳು ತುಳಿಯುವುದನ್ನು ಹಿರಿಯ ಓದುಗರು ಕಂಡಿರುತ್ತಾರೆ. ಮೇಟಿಯ ಹತ್ತಿರದ ಎತ್ತು ನಿಧಾನವಾಗಿ ಹೆಜ್ಜೆ ಹಾಕಿದರೆ ಸಾಕು. ಹೊರಗಿನದು ಬೀಸುಗಾಲು ಹಾಕಬೇಕು. ಜೀಪು ತಿರುಗುವಾಗಲೂ ಹೀಗೆಯೇ. ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, ಒಂದು ಪೂರ್ತಿ ಸುತ್ತಿನಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ಓಡಬೇಕು. ವೃತ್ತ ಚಿಕ್ಕದಿರಲಿ, ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ. ಬೇಕಾದರೆ ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ನೋಡಿ. ಎರಡೂ ಚಕ್ರಗಳು ಒಂದೇ ಸರಳಿಗೆ ಬಿಗಿದುಕೊಂಡಿದ್ದರೆ ಟೈರು ಉಜ್ಜಿಹೋಗುತ್ತದೆ, ಆಕ್ಸಲ್ ನಲುಗುತ್ತದೆ. ಈ ತೊಡಕನ್ನು ನಿವಾರಿಸಲು ಆಕ್ಸಲಿನ ನಡುವೆ ಇಟ್ಟಿರುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಫ್ರಾನ್ಸಿನ ಪೆಕರ್ ಎಂಬಾತ 1827ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ಈ ಜೋಡಣೆಗೆ ಒಂದು ಗುಣವಿದೆ. ಅದು ಎರಡೂ ಚಕ್ರಗಳಿಗೆ ಸಮನಾದ ಬಲವನ್ನೇ ಹಂಚುತ್ತದೆ. ಕೇಳಲು ನ್ಯಾಯವೇ. ಆದರೆ ಕೆಸರಿನಲ್ಲಿ ಈ ನ್ಯಾಯವೇ ಅನ್ಯಾಯವಾಗುತ್ತದೆ. ಕೆಸರಿನಲ್ಲಿರುವ ಚಕ್ರ 20 ಕಿಲೋದಷ್ಟು ಎಳೆತವನ್ನು ಮಾತ್ರ ತಡೆಯಬಲ್ಲದು, ಗಟ್ಟಿ ನೆಲದ ಚಕ್ರ 200 ಕಿಲೋ ತಡೆಯಬಲ್ಲದು ಎಂದಿಟ್ಟುಕೊಳ್ಳಿ. ಆಗ ಗಟ್ಟಿ ನೆಲದ ಚಕ್ರಕ್ಕೂ ಸಿಗುವುದು 20 ಕಿಲೋ ಮಾತ್ರ. ಒಟ್ಟು 40. ಜೀಪು ಕದಲುವುದಿಲ್ಲ. ಕೆಸರಿನ ಚಕ್ರ ಮಾತ್ರ ಎರಡು ಪಟ್ಟು ವೇಗದಲ್ಲಿ ಗಿರಗಿರನೆ ತಿರುಗುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೂ ಅಷ್ಟೆ: ಮುಂದಿನದೊಂದು, ಹಿಂದಿನದೊಂದು ಸುಮ್ಮನೆ ಸುತ್ತುತ್ತವೆ, ಉಳಿದೆರಡು ನೋಡುತ್ತ ನಿಲ್ಲುತ್ತವೆ.

ಡಿಫರೆನ್ಷಿಯಲಿಗೆ ಬೀಗ ಹಾಕಿದರೆ ಎರಡೂ ಚಕ್ರಗಳು ಒಟ್ಟಿಗೆ ತಿರುಗಲೇಬೇಕು. ಈಗ ಒಟ್ಟು ಎಳೆತ 220 ಕಿಲೋ. ಜೀಪು ಎದ್ದು ಬರುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಟ್ರ್ಯಾಕ್ಟರ್ ಓಡಿಸುವವರು ಉಳುವಾಗ ಒಂದು ಚಕ್ರ ಜಾರಿದರೆ ಪೆಡಲ್ ಒತ್ತುತ್ತಾರಲ್ಲ, ಅದು ಇದೇ.

ಬೀಗದಲ್ಲಿ ಬಗೆಗಳಿವೆ. ಮೊದಲನೆಯದು ಲಿಮಿಟೆಡ್ ಸ್ಲಿಪ್. ಇದು ಪೂರ್ತಿ ಬೀಗವಲ್ಲ, ಜಾರುವ ಚಕ್ರವನ್ನು ಸ್ವಲ್ಪ ತಡೆಹಿಡಿಯುತ್ತದೆ. ಮಳೆಯ ರಸ್ತೆಗೆ ಒಳ್ಳೆಯದು. ಆದರೆ ಪ್ಲೇಟಿನ ಬಗೆಯದು ಕಾಲಕ್ರಮದಲ್ಲಿ ಸವೆಯುತ್ತದೆ, ಅದಕ್ಕೆ ಹೇಳಿದ ಎಣ್ಣೆಯನ್ನೇ ಹಾಕಬೇಕು. ಕೆಲವು ಹೊಸ ವಾಹನಗಳಲ್ಲಿ ಇದೇ ಕೆಲಸವನ್ನು ಬ್ರೇಕಿನಿಂದ ಮಾಡಿಸುತ್ತಾರೆ. 2023ರಲ್ಲಿ ಬಂದ ಮಾರುತಿ ಜಿಮ್ನಿಯದು ಹೀಗೆ.

ಎರಡನೆಯದು ತಾನಾಗಿ ಬೀಳುವ ಬೀಗ. ಇದರಲ್ಲೂ ಎರಡು ತರಹ. ಡೆಟ್ರಾಯಿಟ್ ಲಾಕರಿನಂಥವು ಸದಾ ಬೀಗ ಬಿದ್ದೇ ಇದ್ದು, ತಿರುಗುವಾಗ ಹೊರಚಕ್ರವನ್ನು ಬಿಡುತ್ತವೆ. ಗಟ್ಟಿಮುಟ್ಟು, ಆದರೆ ತಿರುವಿನಲ್ಲಿ ಟಕ್ಕೆನ್ನುತ್ತವೆ, ಎಳೆದಾಡುತ್ತವೆ. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿರುವುದು ಇನ್ನೊಂದು ತರಹ. ಸಾಮಾನ್ಯವಾಗಿ ತೆರೆದಿರುತ್ತದೆ, ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಹೆಚ್ಚು ತಿರುಗಿದಾಗ ಬೀಗ ಬೀಳುತ್ತದೆ.

ಮೂರನೆಯದು ಚಾಲಕನೇ ಹಾಕಿ ತೆಗೆಯುವ ಬೀಗ. ಆಸ್ಟ್ರೇಲಿಯದ ಏರ್ ಲಾಕರ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಕೆಲವು ವಿದ್ಯುತ್ತಿನಿಂದ, ಕೆಲವು ಲಿವರಿನಿಂದ. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡೂ ಕಡೆ ಇಂಥ ಬೀಗಗಳಿವೆ. ಬೆಲೆ ಹೆಚ್ಚು, ಭಾಗಗಳೂ ಹೆಚ್ಚು. ಗಾಳಿಯದಾದರೆ ಕಂಪ್ರೆಸರ್, ನಳಿಕೆಗಳ ಮೇಲೂ ಕಣ್ಣಿಡಬೇಕು. ಆದರೆ ಬೇಡವಾದಾಗ ತೆಗೆದಿಡಬಹುದು.

ಈ ಕೊನೆಯ ಗುಣವೇ ನಮ್ಮ ದಾರಿಗಳಲ್ಲಿ ಮುಖ್ಯ. ಟೈರಿಗೆ ನೆಲ ಕೊಡುವ ಹಿಡಿತ ಮೇಷ್ಟರ ಸಂಬಳವಿದ್ದಂತೆ, ಇರುವುದು ಒಂದೇ ಮೊತ್ತ. ಮುಂದಕ್ಕೆ ಎಳೆಯಲು ಅಷ್ಟನ್ನೂ ಖರ್ಚು ಮಾಡಿದರೆ ಪಕ್ಕಕ್ಕೆ ಜಾರದಂತೆ ಹಿಡಿಯಲು ಏನೂ ಉಳಿಯುವುದಿಲ್ಲ. ಬೀಗವಿಲ್ಲದ ಜೀಪಿನ ಒಂದು ಹಿಂಚಕ್ರ ಸುತ್ತುತ್ತಿದ್ದರೆ ಇನ್ನೊಂದು ನೆಲ ಕಚ್ಚಿ ನಿಂತಿರುತ್ತದೆ. ಜೀಪು ಮೇಲೆ ಹೋಗುವುದಿಲ್ಲ ನಿಜ, ಆದರೆ ಅಡ್ಡಕ್ಕೂ ಜಾರುವುದಿಲ್ಲ. ಬೀಗ ಬಿದ್ದಾಗ ಎರಡೂ ಒಟ್ಟಿಗೆ ಸುತ್ತುತ್ತವೆ, ಎರಡೂ ಒಟ್ಟಿಗೆ ಹಿಡಿತ ಬಿಡುತ್ತವೆ. ದಾರಿ ತಗ್ಗಿನ ಕಡೆಗೆ ವಾಲಿದ್ದರೆ ಜೀಪಿನ ಹಿಂಭಾಗವೂ ಅತ್ತಲೇ. ನನ್ನ ವಿದ್ಯಾರ್ಥಿಗೆ ಆದದ್ದು ಇದೇ. ಅವನು ಹಾಕಿಸಿದ್ದು ತಾನಾಗಿ ಬೀಳುವ ಬೀಗ, ಅದನ್ನು ತೆಗೆಯುವುದು ಅವನ ಕೈಯಲ್ಲಿರಲಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಹೆಚ್ಚಾಗಿ ಡಾಂಬರು ರಸ್ತೆ, ಎಂದಾದರೊಮ್ಮೆ ಕೆಸರು ಎನ್ನುವವರಿಗೆ ಲಿಮಿಟೆಡ್ ಸ್ಲಿಪ್ ಸಾಕು. ದಿನವೂ ಹೊಂಡ, ಕೆಸರು, ಕಡಿದಾದ ಏರು ಇದ್ದರೆ ಚಾಲಕನೇ ಹಾಕುವ ಬೀಗ ಲೇಸು, ಅದೂ ಮೊದಲು ಹಿಂದಿನ ಆಕ್ಸಲಿಗೆ. ಏರು ಹತ್ತುವಾಗ ಭಾರ ಬೀಳುವುದು ಹಿಂದಕ್ಕೇ ತಾನೆ? ಮುಂದಿನದಕ್ಕೆ ಬೀಗ ಹಾಕಿದರೆ ಸ್ಟಿಯರಿಂಗ್ ಕಲ್ಲಾಗುತ್ತದೆ, ಅಲ್ಲಿನ ಜಾಯಿಂಟುಗಳಿಗೂ ಪೆಟ್ಟು. ಯಾವುದೇ ಬೀಗವಾಗಲಿ, ಹಾಕುವುದು ಹೊಂಡಕ್ಕೆ ಇಳಿಯುವ ಮೊದಲು, ನಿಧಾನವಾಗಿರುವಾಗ. ತೆಗೆಯುವುದು ಗಟ್ಟಿ ನೆಲ ಸಿಕ್ಕ ಕೂಡಲೆ, ತಿರುಗಿಸುವ ಮುನ್ನ. ಹಳೆಯ ಆಕ್ಸಲ್ ಇದ್ದವರು ಇನ್ನೊಂದು ಮಾತು ನೆನಪಿಡಿ. ಬೀಗ ಬಿದ್ದಾಗ ಇಂಜಿನ್ನಿನ ಬಲವೆಲ್ಲ ಒಂದೇ ಪಕ್ಕದ ಶಾಫ್ಟಿನ ಮೇಲೆ ಬೀಳಬಹುದು, ಅದು ಮುರಿಯಲೂಬಹುದು.

ಇನ್ನು ಚೈನಿನ ವಿಚಾರ. ಬೀಗ ಇರುವ ಹಿಡಿತವನ್ನು ಬಳಸಿಕೊಳ್ಳುತ್ತದೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ. ಚೈನು ಕೆಸರನ್ನು ಕಚ್ಚಿ ಹಿಡಿತವನ್ನೇ ಹೆಚ್ಚಿಸುತ್ತದೆ. ಎರಡೂ ಚಕ್ರಗಳು ನುಣುಪು ಕೆಸರಿನಲ್ಲಿದ್ದರೆ 20ಕ್ಕೆ 20 ಸೇರಿ 40 ಅಷ್ಟೆ, ಎಷ್ಟು ಸಾವಿರದ ಬೀಗ ಹಾಕಿದರೂ ಒಂದೇ. ಆದ್ದರಿಂದ ಬೀಗಕ್ಕೆ ದುಡ್ಡು ಸುರಿಯುವ ಮೊದಲು ಟೈರಿನ ಹಲ್ಲು ನೋಡಿಕೊಳ್ಳುವುದು ಜಾಣತನ.

ಇಷ್ಟನ್ನು ಹೇಳಿ, "ಅಪ್ಪ ಹೇಳಿದ್ದೂ ಸರಿ, ನೀನು ಹಾಕಿಸಿದ್ದು ಮಾತ್ರ ಸರಿಯಿಲ್ಲ. ಬೇಕಾದಾಗ ತೆಗೆಯಲು ಬರುವಂಥದ್ದನ್ನು ಹಾಕಿಸು. ಆ ತಿರುವಿನಲ್ಲಿ ಜನರನ್ನು ಇಳಿಸಿ ನಡೆಸು" ಎಂದೆ. ಮೊನ್ನೆ ಫೋನ್ ಮಾಡಿದ್ದ. ಹೊಸ ಬೀಗ ಬಂದಿದೆಯಂತೆ, ಚೈನೂ ಸೀಟಿನ ಕೆಳಗಿದೆಯಂತೆ. "ಮರ?" ಎಂದು ಕೇಳಿದೆ. "ಈ ಸಲದ ಕಡಿತದಲ್ಲಿ ಅದೊಂದನ್ನು ಬಿಟ್ಟೆವು ಸಾರ್" ಎಂದ.